ಯಾಗರ್: ಹನ್ನೊಂದು ತಂಡ ತಿರುಗಿದ ಅಲೆಮಾರಿಯೋ, ಊರು ಬಿಡದ ಮನುಷ್ಯನೋ?

#1 ಯೆಜ್ಡಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಈ ವಿಭಾಗದಲ್ಲಿ ಕ್ರಿಕೆಟ್, ಕಬಡ್ಡಿ ಬಿಟ್ಟು ಬೇರೆ ಮಾತಿಲ್ಲ ಅಂತ ಗೊತ್ತು. ಆದ್ರೂ ಒಂದು ಪ್ರಯತ್ನ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈರಿ.

ನಮ್ಮಪ್ಪ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೇಲಿ ಕೆಲಸಕ್ಕಿದ್ರು. ಹಾಗಾಗಿ ಚೆಕೊಸ್ಲೊವಾಕಿಯಾ ಅನ್ನೋ ಹೆಸರನ್ನ ನಾನು ಭೂಗೋಳದ ಪುಸ್ತಕದಲ್ಲಿ ಓದೋಕೆ ಮುಂಚೆ ಮನೆಯಲ್ಲೇ ಕೇಳಿದ್ದು. ಜಾವಾ ಅಂದ್ರೆ ಇಂಡೋನೇಷ್ಯಾದ ದ್ವೀಪ ಅಂದ್ಕೊಂಡಿದ್ದೆ. ಅಲ್ಲವಂತೆ. ಯಾನೆಚೆಕ್ ಅನ್ನೋ ಚೆಕ್ ಮಾಲೀಕನ ಹೆಸರಿನ ಮೊದಲ ಅಕ್ಷರಗಳು, ಅವನು ಪರವಾನಗಿ ತಗೊಂಡ ವಾಂಡರರ್ ಬೈಕಿನ ಮೊದಲ ಅಕ್ಷರಗಳು, ಎರಡೂ ಸೇರಿ ಜಾವಾ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪನೂ ಈಗಿಲ್ಲ. ಆದ್ರೆ ಆ ದೇಶದ ಬಗ್ಗೆ ಏನೇ ಸುದ್ದಿ ಬಂದ್ರೂ ನನ್ನ ಕಿವಿ ನೆಟ್ಟಗಾಗುತ್ತೆ. ಹಾಗೇ ಸಿಕ್ಕಿದವನು ಈ ಯಾರೊಮೀರ್ ಯಾಗರ್.

ಹುಟ್ಟಿದ್ದು 1972ರ ಫೆಬ್ರವರಿ 15, ಕ್ಲಾದ್ನೊ ಅನ್ನೋ ಊರು. 16ನೇ ವಯಸ್ಸಿಗೇ ಊರಿನ ದೊಡ್ಡವರ ತಂಡಕ್ಕೆ ಐಸ್ ಹಾಕಿ ಆಡಿದ. ಅದು 1988. 2024-25ರ ಋತುವಿನಲ್ಲೂ ಅದೇ ಊರಿನ ತಂಡಕ್ಕೆ ಆಡ್ತಿದ್ದ, ಆಡ್ತಾ ಆಡ್ತಾ 53 ತುಂಬಿತು. ನಡುವೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲೇ ಒಂಬತ್ತು ತಂಡ: ಪಿಟ್ಸ್‌ಬರ್ಗ್, ವಾಷಿಂಗ್ಟನ್, ನ್ಯೂಯಾರ್ಕ್ ರೇಂಜರ್ಸ್, ಫಿಲಡೆಲ್ಫಿಯಾ, ಡಲ್ಲಾಸ್, ಬಾಸ್ಟನ್, ನ್ಯೂಜೆರ್ಸಿ, ಫ್ಲಾರಿಡಾ, ಕ್ಯಾಲ್ಗರಿ. ಸೈಬೀರಿಯಾದ ಓಮ್ಸ್ಕ್ ಒಂದು. ಕ್ಲಾದ್ನೊ ಒಂದು. ಒಟ್ಟು ಹನ್ನೊಂದು.

ಎನ್‌ಎಚ್‌ಎಲ್‌ನಲ್ಲಿ 1733 ಪಂದ್ಯ, 766 ಗೋಲು, 1155 ಅಸಿಸ್ಟ್, ಒಟ್ಟು 1921 ಪಾಯಿಂಟು. (ಗೋಲು ಹೊಡೆದ್ರೂ ಒಂದು ಪಾಯಿಂಟು, ಹೊಡೆಯೋಕೆ ಪಾಸ್ ಕೊಟ್ರೂ ಒಂದು.) ಅವನಿಗಿಂತ ಮುಂದಿರೋದು ವೇಯ್ನ್ ಗ್ರೆಟ್ಸ್ಕಿ ಒಬ್ಬನೇ, 2857.

ನನ್ನ ಪ್ರಶ್ನೆ ಇಷ್ಟೇ. ಇಷ್ಟು ಊರು ತಿರುಗಿದವನನ್ನ ಏನಂತ ಕರೀಬೇಕು? ಅಲೆಮಾರಿ ಅನ್ನೋಣ ಅಂದ್ರೆ ಕೊನೆಗೆ ಬಂದು ನಿಂತದ್ದು ಹುಟ್ಟಿದೂರಲ್ಲೇ.


#2 ಬರೀ_ಕ್ರಿಕೆಟ್

ಗುರು, ನಮ್ಮೂರಲ್ಲಿ ಐಸ್ ಅಂದ್ರೆ ಕ್ಯಾಂಡಿ. ಅದರ ಮೇಲೆ ಹಾಕಿ ಆಡ್ತಾರೆ ಅಂತ ಇವತ್ತು ಗೊತ್ತಾಯ್ತು.

ತಮಾಷೆ ಬಿಡಿ. ಹನ್ನೊಂದು ತಂಡ ಅಂದ್ರೆ ಅದಕ್ಕೆ ಅಷ್ಟೆಲ್ಲಾ ತಲೆ ಕೆಡಿಸ್ಕೋಬೇಕಾ? ಹಸಿರು ಕಂಡಲ್ಲಿ ಮೇಯೋ ದನ ಅಷ್ಟೇ. ದುಡ್ಡು ಜಾಸ್ತಿ ಕೊಟ್ಟವರ ಹಿಂದೆ ಹೋಗಿದ್ದಾನೆ, ಯಾರೂ ಕರೀದೇ ಇದ್ದಾಗ ಊರಿಗೆ ಬಂದಿದ್ದಾನೆ. ಇದಕ್ಕೆ ಊರಿನ ಪ್ರೀತಿ ಅಂತ ಬಣ್ಣ ಬಳೀಬೇಡಿ.


#3 ಹುಬ್ಬಳ್ಳಿ_ಗಿರ್ಮಿಟ್

ಯೆಜ್ಡಿ ಅಣ್ಣಾರ, ಲೆಕ್ಕ ತಪ್ಪೇತ್ರಿ. ಹನ್ನೊಂದಲ್ಲ, ಹದಿಮೂರು.

1994ರಾಗ ಎನ್‌ಎಚ್‌ಎಲ್ ಮಾಲಕರು ಆಟಗಾರರ ಜೋಡಿ ರೊಕ್ಕದ ಜಗಳಾ ತಗದು ಲೀಗಿಗೇ ಬೀಗಾ ಜಡದ್ರು. ಆವಾಗ ಇಂವಾ ಸುಮ್ನ ಕೂಡಲಿಲ್ಲ. ಕ್ಲಾದ್ನೊಕ್ಕ ಹೋಗಿ ಆಡಿದಾ, ಇಟಲಿಯ ಬೊಲ್ಜಾನೊಕ್ಕ ಆಡಿದಾ, ಜರ್ಮನಿಯ ಶಾಲ್ಕೆ ಅನ್ನೂ ತಂಡಕ್ಕ ಒಂದ ಒಂದು ಪಂದ್ಯ ಆಡಿದಾ. ಆ ಒಂದ ಪಂದ್ಯದಾಗ 1 ಗೋಲು, 10 ಅಸಿಸ್ಟ್. ಹನ್ನೊಂದು ಪಾಯಿಂಟ್ರೀ! ಕೆಲವು ಮಂದಿಗೆ ಇಡೀ ವರ್ಷಕ್ಕ ಅಷ್ಟಾಗೂದಿಲ್ಲ. ಅತಿಥಿಯಾಗಿ ಬಂದು ಮನಿಮಂದಿಗೆಲ್ಲಾ ಬಡಿಸಿ ಹೋದಂಗ.


#4 ಯೆಜ್ಡಿ_ಮೈಸೂರು

@ಗಿರ್ಮಿಟ್ ಒಂದು ಪಂದ್ಯ ಆಡಿದ್ದನ್ನೆಲ್ಲ ತಂಡ ಅಂತ ಸೇರಿಸಿದ್ರೆ ಹೇಗ್ರಿ? ಮದುವೆ ಮನೇಲಿ ಊಟ ಮಾಡಿದ ಮಾತ್ರಕ್ಕೆ ನೆಂಟ ಆಗ್ತಾನಾ? ಶೀರ್ಷಿಕೆ ಬದಲಾಯಿಸಲ್ಲ.


#5 ಕುಡ್ಲದವ

ಮಾರಾಯ್ರೆ, ನಾನು ಆರು ವರ್ಷದಿಂದ ಪ್ರಾಗ್‌ನಲ್ಲಿ ಕೆಲಸದಲ್ಲಿದ್ದೇನೆ. ಈ ವಿಷಯ ಕನ್ನಡದಲ್ಲಿ ಓದುವ ಯೋಗ ಉಂಟು ಅಂತ ಎಣಿಸಿರಲಿಲ್ಲ. ಎರಡು ಮೂರು ಸಂಗತಿ ಹೇಳುತ್ತೇನೆ.

ಮೊದಲು ಹೆಸರು. ಇಂಗ್ಲಿಷಿನವರು ಇವನನ್ನು "ಜಾಗರ್" ಅಂತ ಕರೆದು ಹಾಳು ಮಾಡಿದ್ದಾರೆ. ಚೆಕ್ ಭಾಷೆಯಲ್ಲಿ ಕೊನೆಗೆ ಸ್ವರ ಇಲ್ಲ, ರಕಾರವೇ ಸ್ವರ. ನಮ್ಮ ಋಕಾರ ಮೂಲದಲ್ಲಿ ಇದ್ದದ್ದು ಹಾಗೇ ಅಲ್ಲವಾ? "ಯಾಗೃ" ಅಂತ ಬರೆದರೆ ಮುಗಿಯಿತು. ಇವನು ಪಿಟ್ಸ್‌ಬರ್ಗಿಗೆ ಹೋದ ಮೊದಲ ವರ್ಷ ಜೊತೆಗೆ ಸಿಕ್ಕಿದ ಹಿರಿಯ ಆಟಗಾರನ ಹೆಸರು ಯಿರ್ಝಿ ಹೃದಿನಾ. ಅದನ್ನು ಇಂಗ್ಲಿಷಲ್ಲಿ ಓದಲಿಕ್ಕೆ ಹೋದರೆ ನಾಲಿಗೆ ಮುರಿಯುತ್ತದೆ, ಕನ್ನಡದಲ್ಲಿ ಹೃದಯ ಬರೆದ ಹಾಗೆ ಸಲೀಸು. ಚೆಕ್‌ನಲ್ಲಿ ಹೃದಿನಾ ಅಂದರೆ ವೀರ ಅಂತ ಅರ್ಥ.

ಎರಡನೆಯದು ಊರು. ಕ್ಲಾದ್ನೊ ಪ್ರಾಗ್‌ನಿಂದ ಪಡುವಣಕ್ಕೆ, ಮೂವತ್ತು ಕಿಲೋಮೀಟರಿನ ಒಳಗೆ. ಪ್ರವಾಸಿಗರು ಯಾರೂ ಹೋಗುವ ಊರಲ್ಲ. ಕಲ್ಲಿದ್ದಲು, ಉಕ್ಕು. ಪೋಲ್ದಿ ಎನ್ನುವ ಉಕ್ಕಿನ ಕಾರ್ಖಾನೆ ಅಲ್ಲಿಯ ಜೀವ ಆಗಿತ್ತು. ಅದನ್ನು 1889ರಲ್ಲಿ ಶುರು ಮಾಡಿದವ ಕಾರ್ಲ್ ವಿಟ್‌ಗೆನ್‌ಸ್ಟೈನ್, ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನನ ಅಪ್ಪ. ಹೆಂಡತಿ ಲಿಯೊಪೋಲ್ದೀನಳ ಮುದ್ದಿನ ಹೆಸರನ್ನು ಕಾರ್ಖಾನೆಗೆ ಇಟ್ಟ. ಯಾಗೃ ಆಡಲು ಶುರು ಮಾಡಿದ ಕಾಲಕ್ಕೆ ಹಾಕಿ ತಂಡದ ಹೆಸರಲ್ಲೂ ಪೋಲ್ದಿ ಇತ್ತು. ಅಂದರೆ ಭದ್ರಾವತಿಯಲ್ಲಿ ಹುಟ್ಟಿ ಕಾರ್ಖಾನೆಯ ತಂಡಕ್ಕೆ ಆಡಿದ ಹುಡುಗ ಅಂತ ಇಟ್ಟುಕೊಳ್ಳಿ.

ಮೂರನೆಯದು, ಅಂಗಿಯ ಮೇಲಿನ 68. ಅದು ಅದೃಷ್ಟ ಸಂಖ್ಯೆ ಗಿದೃಷ್ಟ ಸಂಖ್ಯೆ ಅಲ್ಲ. ಇವನ ಅಜ್ಜನ ಹೆಸರೂ ಯಾರೊಮೀರ್ ಯಾಗೃ. ಕೃಷಿಕ. ಕಮ್ಯುನಿಸ್ಟ್ ಸರ್ಕಾರ ಹೊಲ ಕಿತ್ತುಕೊಂಡು ಸಾಮೂಹಿಕ ಬೇಸಾಯಕ್ಕೆ ಸೇರಿಸಿದಾಗ ದುಡಿಯುವುದಿಲ್ಲ ಅಂದದ್ದಕ್ಕೆ ಜೈಲಿಗೆ ಹಾಕಿದರು. ಅವರು ತೀರಿಹೋದದ್ದು 1968ರಲ್ಲಿ. ಅದೇ ವರ್ಷ ಆಗಸ್ಟ್ 21ಕ್ಕೆ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದ್ದು. ಒಂದೇ ಸಂಖ್ಯೆಯಲ್ಲಿ ಮನೆಯ ಸೂತಕವೂ ಉಂಟು, ದೇಶದ ಸೂತಕವೂ ಉಂಟು. ಶಾಲೆಗೆ ಹೋಗುವಾಗ ರೊನಾಲ್ಡ್ ರೇಗನ್‌ನ ಫೋಟೋ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದನಂತೆ, ಅದೂ ಆ ಕಾಲದಲ್ಲಿ!


#6 ಪಿಟ್ಸ್‌ಬರ್ಗ್_ಅಕ್ಕ

ಕುಡ್ಲದವರೇ, ಹೃದಿನಾ ಹೆಸರು ನೋಡಿ ಬರೆಯದೇ ಇರಲಾಗಲಿಲ್ಲ.

ನಾನು ಮದುವೆಯಾಗಿ 1995ರಲ್ಲಿ ಪಿಟ್ಸ್‌ಬರ್ಗಿಗೆ ಬಂದವಳು. ಮೊದಲ ಚಳಿಗಾಲ ಹೇಗಿತ್ತು ಅಂತ ಹೇಳಿದರೆ ನಗುತ್ತೀರಿ. ಕಿಟಕಿ ಪಕ್ಕ ಕೂತು ಹಿಮ ನೋಡುತ್ತಾ ಅಳುವುದು, ಶನಿವಾರ ಬಂದರೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಅಲ್ಲಿ ಊಟದ ಹಾಲಿನಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ಗಂಡಸರು ಮಾತಾಡುತ್ತಿದ್ದುದು ಲೆಮ್ಯೂ, ಯಾಗರ್. ನಾನು ಯಾರೋ ಆಫೀಸಿನವರು ಅಂದುಕೊಂಡಿದ್ದೆ.

ಆಮೇಲೆ ನನಗೆ ಗೊತ್ತಾದದ್ದು ಏನೆಂದರೆ, ಆ ಹುಡುಗನೂ ನನ್ನ ಹಾಗೇ ಅತ್ತಿದ್ದ. 1990ರಲ್ಲಿ ಬಂದಾಗ ವಯಸ್ಸು 18, ಇಂಗ್ಲಿಷು ಸೊನ್ನೆ. ಮನೆಯ ನೆನಪಿನಲ್ಲಿ ಆಟವೇ ಕೈಗೆ ಹತ್ತಲಿಲ್ಲ. ತಂಡದವರು ಡಿಸೆಂಬರಿನಲ್ಲಿ ಕ್ಯಾಲ್ಗರಿಯಿಂದ ಹೃದಿನಾ ಅವರನ್ನು ತಂದರು. ಗೋಲು ಹೊಡೆಯಲಿ ಅಂತಲ್ಲ, ಈ ಹುಡುಗನ ಜೊತೆ ಚೆಕ್‌ನಲ್ಲಿ ಮಾತಾಡಲಿ ಅಂತ! ಆಮೇಲೆ ತಾಯಿಯೂ ಬಂದು ಜೊತೆಗಿದ್ದರು. ಆ ಋತುವಿನ ಕೊನೆಗೆ ಪಿಟ್ಸ್‌ಬರ್ಗಿನ ತಂಡ ಪೆಂಗ್ವಿನ್ಸ್ ಮೊದಲ ಸಲ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಿತು, ಮುಂದಿನ ವರ್ಷ ಮತ್ತೆ. 20 ತುಂಬುವ ವರ್ಷಕ್ಕೆ ಎರಡು ಕಪ್.

1992ರ ಫೈನಲ್ಲಿನ ಮೊದಲ ಪಂದ್ಯದ ಗೋಲು ಯೂಟ್ಯೂಬಿನಲ್ಲಿದೆ, ಹುಡುಕಿ ನೋಡಿ. ಶಿಕಾಗೊ ತಂಡದವರು ಒಬ್ಬರಾದ ಮೇಲೆ ಒಬ್ಬರು ಮೇಲೆ ಬೀಳುತ್ತಾರೆ, ಇವನು ಜಾತ್ರೆಯ ಗುಂಪಿನಲ್ಲಿ ಮಗುವನ್ನು ಎತ್ತಿಕೊಂಡು ನುಸುಳುವ ಹಾಗೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಇಟ್ಟುಕೊಂಡು ನುಸುಳಿ ಸಮ ಮಾಡುತ್ತಾನೆ. ಕೊನೆಯ ಕೆಲವು ಸೆಕೆಂಡಿನಲ್ಲಿ ತಂಡದ ನಾಯಕ ಲೆಮ್ಯೂ ಗೆಲ್ಲಿಸಿದರು. ಹಿಂದೆ ಇಳಿಬಿಟ್ಟ ಗುಂಗುರು ಕೂದಲು ಹೆಲ್ಮೆಟ್ಟಿನಿಂದ ಹೊರಗೆ ಹಾರಾಡುತ್ತಿತ್ತು. ಆ ಊರಿನ ಹೆಣ್ಣುಮಕ್ಕಳಿಗೆ ಅದೊಂದು ಹುಚ್ಚು. (ನನಗಲ್ಲ. ನನಗೆ ಯಾರಾದರೂ ಎಣ್ಣೆ ಹಚ್ಚಿ ಬಾಚಬಾರದೇ ಅನ್ನಿಸುತ್ತಿತ್ತು.)

@ಬರೀ_ಕ್ರಿಕೆಟ್, ದನ ಅಂದಿರಲ್ಲ. ಪಿಟ್ಸ್‌ಬರ್ಗಿನಲ್ಲಿ ಹನ್ನೊಂದು ಋತು ಇದ್ದ. ಐದು ಸಲ ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದ, 1995ರಲ್ಲಿ ಒಮ್ಮೆ, 1998ರಿಂದ 2001ರವರೆಗೆ ಸತತ ನಾಲ್ಕು. 1995-96ರಲ್ಲಿ 149 ಪಾಯಿಂಟು. ಆ ವರ್ಷ ಅವನಿಗಿಂತ ಮುಂದಿದ್ದವರು 161 ಗಳಿಸಿದ ಲೆಮ್ಯೂ ಒಬ್ಬರೇ. ಇಂಥವನನ್ನು ಯಾರು ಬಿಟ್ಟುಕೊಡುತ್ತಾರೆ? ದುಡ್ಡಿಲ್ಲದವರು. 1998ರಲ್ಲಿ ತಂಡವೇ ದಿವಾಳಿ. ಲೆಮ್ಯೂ ಅವರಿಗೆ ಕೊಡಬೇಕಿದ್ದ ಸಂಬಳದ ಬಾಕಿಯನ್ನು ಕೊಡಲಾಗದೆ ಕೊನೆಗೆ ಅವರೇ ಆ ಬಾಕಿಯನ್ನು ಪಾಲಾಗಿ ಪರಿವರ್ತಿಸಿಕೊಂಡು ಮಾಲೀಕರಾದರು! ಯಾಗರ್‌ನ ಸಂಬಳ ಹೊರುವ ಶಕ್ತಿ ಇರಲಿಲ್ಲ. 2001ರ ಜುಲೈನಲ್ಲಿ ವಾಷಿಂಗ್ಟನ್ನಿಗೆ ಕೊಟ್ಟು ಮೂವರು ಹುಡುಗರನ್ನು ತಗೊಂಡರು. ಆ ಮೂವರಲ್ಲಿ ಒಬ್ಬನೂ ಬೆಳಗಲಿಲ್ಲ.

ಆದರೆ ಪೂರ್ತಿ ಅವನ ಪರ ನಿಲ್ಲಲಾರೆ. ಆ ಕೊನೆಯ ವರ್ಷ ಮುಖ ಗಂಟಿಕ್ಕಿಕೊಂಡೇ ಆಡಿದ. "ಬದುಕಿದ್ದೇ ಸಾಯುತ್ತಿದ್ದೇನೆ" ಅಂತ ಪತ್ರಕರ್ತರ ಮುಂದೆ ಹೇಳಿದ. ಕೋಟಿಗಟ್ಟಲೆ ಸಂಬಳದವನ ಬಾಯಲ್ಲಿ ಆ ಮಾತು ಕೇಳಿ ನಮ್ಮೆಜಮಾನರು ಟಿವಿಗೆ ಬೈದಿದ್ದು ನೆನಪಿದೆ.


#7 ಬರೀ_ಕ್ರಿಕೆಟ್

ಅಕ್ಕ, ಚೆನ್ನಾಗಿ ಬರೆದ್ರಿ. ಆದ್ರೂ ಒಂದು ಮಾತು. ನಮ್ಮ ದ್ರಾವಿಡ್ ನೋಡಿ. ಒಂದೇ ರಾಜ್ಯ, ಒಂದೇ ದೇಶ. ನಿಷ್ಠೆ ಅಂದ್ರೆ ಅದು.


#8 ಹುಬ್ಬಳ್ಳಿ_ಗಿರ್ಮಿಟ್

ದ್ರಾವಿಡ್ ಅಣ್ಣಾರ ಮ್ಯಾಲ ನಮಗೂ ಪ್ರಾಣ ಅದ. ಖರೇ ಅವ್ರೂ ಇಂಗ್ಲೆಂಡಿನ ಕೆಂಟ್ ಕೌಂಟಿಗೆ ಆಡ್ಯಾರ, ಸ್ಕಾಟ್ಲೆಂಡಿಗೆ ಆಡ್ಯಾರ, ಐಪಿಎಲ್‌ನಾಗ ಆರ್‌ಸಿಬಿ ಬಿಟ್ಟು ರಾಜಸ್ಥಾನಕ್ಕ ಹೋಗ್ಯಾರ. ನಿಷ್ಠಾ ಕಡಿಮಿ ಆತೇನು?

ಇನ್ನೊಂದು ಮಜಾ ಕೇಳ್ರಿ. ಯಾಗರ್ ದ್ರಾವಿಡ್‌ಗಿಂತ ಹನ್ನೊಂದು ತಿಂಗಳ ದೊಡ್ಡಾಂವ. ದ್ರಾವಿಡ್ 2012ಕ್ಕ ನಿವೃತ್ತಿ ಆದ್ರು, ಕೋಚ್ ಆದ್ರು, 2024ಕ್ಕ ಟಿ20 ವಿಶ್ವಕಪ್ ಗೆಲ್ಲಿಸಿ ಭಾರತ ತಂಡದ ಕೋಚಿಂಗೂ ಮುಗಿಸಿದ್ರು. ಆ ವರ್ಷಾನೂ ಇಂವಾ ಸ್ಕೇಟ್ ಕಟಗೊಂಡು ಐಸಿನ ಮ್ಯಾಲ ಇದ್ದಾ.


#9 ಯೆಜ್ಡಿ_ಮೈಸೂರು

ನಾನು ಕೇಳಬೇಕು ಅಂದ್ಕೊಂಡಿದ್ದನ್ನ ಅಕ್ಕ ಅರ್ಧ ಹೇಳಿಬಿಟ್ರು. ಒಂದೊಂದು ಸಲ ಊರು ಬದಲಾಯಿಸಿದಾಗಲೂ ಅದು ಯಾರ ತೀರ್ಮಾನ ಅಂತ ನೋಡ್ತಾ ಹೋದೆ. ಪಿಟ್ಸ್‌ಬರ್ಗ್ ಬಿಟ್ಟಿದ್ದು ತಂಡ ದಿವಾಳಿಯಾಗಿ ಎದ್ದು ನಿಲ್ತಿದ್ದ ಕಾಲದಲ್ಲಿ. ವಾಷಿಂಗ್ಟನ್ ಏಳು ವರ್ಷಕ್ಕೆ 77 ಮಿಲಿಯ ಡಾಲರ್ ಒಪ್ಪಂದ ಮಾಡಿಕೊಳ್ತು. ಅಲ್ಲಿ ಇವನು ನಿಜವಾಗಿ ಸೋತ. 79 ಪಾಯಿಂಟು, ಮುಂದಿನ ವರ್ಷ 77. ಬೇರೆಯವರಿಗೆ ಹಬ್ಬ, ಇವನಿಗೆ ಅವಮಾನ. ಆ ಕಾಲದಲ್ಲೇ ಬೆಟ್ಟಿಂಗ್ ಸಾಲದ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲಿ ಬಂತು. 2004ರ ಜನವರಿಯಲ್ಲಿ ವಾಷಿಂಗ್ಟನ್ ಇವನನ್ನ ನ್ಯೂಯಾರ್ಕಿಗೆ ದಾಟಿಸಿತು, ಸಂಬಳದ ದೊಡ್ಡ ಪಾಲು ತಾನೇ ಕಟ್ಟೋಕೆ ಒಪ್ಕೊಂಡು! ಹಾಳಾದ ಸ್ಕೂಟರನ್ನ ಪೆಟ್ರೋಲ್ ಹಾಕಿಸಿ ಪಕ್ಕದ ಮನೆಯವರಿಗೆ ಕೊಟ್ಟ ಹಾಗೆ.

ಆ ಸ್ಕೂಟರ್ ನ್ಯೂಯಾರ್ಕಲ್ಲಿ ಏನು ಓಡ್ತು! 2005-06ರಲ್ಲಿ 54 ಗೋಲು, 123 ಪಾಯಿಂಟು. ರೇಂಜರ್ಸ್ ಇತಿಹಾಸದಲ್ಲಿ ಅಷ್ಟು ಗೋಲನ್ನಾಗಲಿ ಪಾಯಿಂಟನ್ನಾಗಲಿ ಅದುವರೆಗೆ ಯಾರೂ ಒಂದು ಋತುವಿನಲ್ಲಿ ಮಾಡಿರಲಿಲ್ಲ.

ಇದೇ ನ್ಯೂಯಾರ್ಕಿನ ಅಂಗಳದಲ್ಲಿ 1999ರ ಏಪ್ರಿಲ್ 18ರಂದು ಗ್ರೆಟ್ಸ್ಕಿ ಕೊನೇ ಪಂದ್ಯ ಆಡಿದ್ದು. ಎದುರಾಳಿ ಪಿಟ್ಸ್‌ಬರ್ಗ್. ಪಂದ್ಯ ಸಮ ಆಗಿ ಹೆಚ್ಚುವರಿ ಸಮಯಕ್ಕೆ ಹೋಯ್ತು. ಗೆಲುವಿನ ಗೋಲು ಹೊಡೆದು ಎಲ್ಲರನ್ನೂ ಮನೆಗೆ ಕಳಿಸಿದವನು ಆಗ ಪಿಟ್ಸ್‌ಬರ್ಗಲ್ಲಿದ್ದ ಇದೇ ಯಾಗರ್.


#10 ಕುಡ್ಲದವ

ನಾಗಾನೊ ಬಗ್ಗೆ ಯಾರೂ ಹೇಳಲೇ ಇಲ್ಲ, ನನಗೆ ಆಶ್ಚರ್ಯ. ಇಲ್ಲಿ ಯಾಗೃ ಅಂದರೆ ಕ್ಲಬ್ಬಿನ ಲೆಕ್ಕ ಆಮೇಲೆ, ಮೊದಲು ನಾಗಾನೊ.

1998ರ ಚಳಿಗಾಲದ ಒಲಿಂಪಿಕ್ಸ್, ಜಪಾನ್. ಎನ್‌ಎಚ್‌ಎಲ್‌ನವರು ಮೊದಲ ಸಲ ತಮ್ಮ ಆಟಗಾರರನ್ನು ಬಿಟ್ಟದ್ದು. ಸೆಮಿಫೈನಲ್‌ನಲ್ಲಿ ಕೆನಡಾ, ಪೆನಾಲ್ಟಿ ಶೂಟೌಟ್. ಗೋಲಿನಲ್ಲಿ ದೊಮಿನಿಕ್ ಹಾಶೆಕ್. ಕೆನಡಾದ ಐವರೂ ಬಂದರು, ಐವರನ್ನೂ ತಡೆದ. ಚೆಕ್ ಪರವಾಗಿ ಒಳಗೆ ಹಾಕಿದ್ದು ರೇಖೆಲ್ ಒಬ್ಬನೇ. ಯಾಗೃ ಹೊಡೆದದ್ದು ಕಂಬಕ್ಕೆ ತಾಗಿತು! ಗ್ರೆಟ್ಸ್ಕಿಯನ್ನು ಕೋಚ್ ಕಳಿಸಲೇ ಇಲ್ಲ, ಕೆನಡಾದವರು ಇವತ್ತಿಗೂ ಅದನ್ನೇ ಹೇಳಿಕೊಂಡು ಕೊರಗುತ್ತಾರೆ. ಫೈನಲ್‌ನಲ್ಲಿ ರಷ್ಯಾ, 1-0. ಪ್ರಾಗ್‌ನ ಹಳೇಪೇಟೆ ಚೌಕದಲ್ಲಿ ಪರದೆ ಕಟ್ಟಿ ನೋಡುತ್ತಿದ್ದ ಜನ "ಹಾಶೆಕ್‌ನನ್ನು ಕೋಟೆಗೆ ಕಳಿಸಿ" ಅಂತ ಕೂಗಿದರಂತೆ. ಕೋಟೆ ಅಂದರೆ ಅಧ್ಯಕ್ಷರ ನಿವಾಸ.

ಎದುರಾಳಿ ರಷ್ಯಾ ಆದದ್ದೇ ಅರ್ಧ ಕಥೆ. 1969ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಚೆಕೊಸ್ಲೊವಾಕಿಯಾ ಸೋವಿಯತ್ತರನ್ನು ಎರಡು ಸಲ ಸೋಲಿಸಿದಾಗ, ಟ್ಯಾಂಕು ಬಂದು ಒಂದು ವರ್ಷವೂ ಆಗಿರಲಿಲ್ಲ. ಜನ ಬೀದಿಗೆ ಬಂದು ವಾತ್ಸ್ಲಾವ್ ಚೌಕದ ಏರೋಫ್ಲೋಟ್ ಕಚೇರಿ ಪುಡಿ ಮಾಡಿದರು. ಅಜ್ಜನ 68 ಹೊತ್ತುಕೊಂಡವ ರಷ್ಯಾ ಎದುರು ಒಲಿಂಪಿಕ್ ಚಿನ್ನ ಗೆದ್ದದ್ದು ಅಂದರೆ ಇಲ್ಲಿಯವರಿಗೆ ಏನು ಅಂತ ನೀವೇ ಎಣಿಸಿ.

ಮತ್ತೆ ಅದೇ ಮನುಷ್ಯ 2008ರಲ್ಲಿ ರಷ್ಯಾಕ್ಕೇ ಆಡಲು ಹೋದ, ಓಮ್ಸ್ಕ್‌ಗೆ! ಹಿಂದೆ 2004-05ರಲ್ಲಿ ಎನ್‌ಎಚ್‌ಎಲ್‌ಗೆ ಮತ್ತೆ ಬೀಗ ಬಿದ್ದ ವರ್ಷವೂ ಅಲ್ಲಿ ಆಡಿದ್ದ. ನನ್ನ ಆಫೀಸಿನ ಒಬ್ಬ ಹಿರಿಯರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿ ಮೂರು ಋತು ಇದ್ದ. ಅಲ್ಲಿಗೆ ಹೋದ ಆ 2008ರಲ್ಲೇ, ಅಕ್ಟೋಬರ್ 13ರಂದು, ಜೊತೆಯ ಆಟಗಾರ ಅಲೆಕ್ಸೇಯ್ ಚೆರೆಪಾನೊವ್, 19 ವರ್ಷದ ಹುಡುಗ, ಪಂದ್ಯದ ನಡುವೆ ಬೆಂಚಿನಲ್ಲಿ ಇವನ ಪಕ್ಕ ಕೂತವ ಹಾಗೆಯೇ ಕುಸಿದುಬಿದ್ದ. ಆಂಬುಲೆನ್ಸ್ ಆಗಲೇ ಹೊರಟುಹೋಗಿತ್ತು. ಹುಡುಗ ಉಳಿಯಲಿಲ್ಲ. ನ್ಯೂಯಾರ್ಕ್ ರೇಂಜರ್ಸ್ ಅವನನ್ನು ಹಿಂದಿನ ವರ್ಷವೇ ಆರಿಸಿಟ್ಟಿತ್ತು. ಇವನು ಬಿಟ್ಟುಬಂದ ತಂಡಕ್ಕೆ ಅವನು ಹೋಗುವುದಿತ್ತು.

ಅಷ್ಟಾದ ಮೇಲೂ ಓಮ್ಸ್ಕ್ ಬಿಟ್ಟು ಓಡಲಿಲ್ಲ. ಇದನ್ನು ಏನಂತ ಕರೆಯುತ್ತೀರಿ @ಬರೀ_ಕ್ರಿಕೆಟ್?


#11 ನಿರ್ವಾಹಕ

ಮತ್ತೊಂದು ಎಳೆಯಲ್ಲಿದ್ದ ಜಾವಾ ಬಿಡಿಭಾಗದ ಪ್ರಶ್ನೆಗಳನ್ನು ಇಲ್ಲಿ ಹಾಕುತ್ತಿದ್ದೀರಿ. ನಾಲ್ಕು ಪೋಸ್ಟ್ ತೆಗೆದಿದ್ದೇನೆ. ಕಾರ್ಬ್ಯುರೇಟರ್ ಬೇಕಾದವರು ವಾಹನ ವಿಭಾಗಕ್ಕೆ ಹೋಗಿ.


#12 ಪಿಟ್ಸ್‌ಬರ್ಗ್_ಅಕ್ಕ

ಇನ್ನೊಂದು ಹೇಳಬೇಕು. ಯಾಗರ್‌ಗಿಂತ ಮುಂಚೆ ಚೆಕೊಸ್ಲೊವಾಕಿಯಾದ ಹೆಚ್ಚಿನ ಆಟಗಾರರು ಇಲ್ಲಿಗೆ ಬರಬೇಕಾದರೆ ಕದ್ದು ಓಡಿಬರಬೇಕಿತ್ತು. ಶ್ತಾಸ್ತ್ನಿ ಸಹೋದರರು 1980ರಲ್ಲಿ ಹಾಗೆ ಬಂದವರು. ಪೆತ್ರ್ ನೆದ್ವೆದ್ ಅನ್ನುವ ಹುಡುಗ 1989ರ ಜನವರಿಯಲ್ಲಿ ಕ್ಯಾಲ್ಗರಿಗೆ ಟೂರ್ನಿಗೆ ಬಂದವನು ತಂಡದ ಜೊತೆ ವಾಪಸ್ ಹೋಗಲೇ ಇಲ್ಲ. ಆಗ ಅವನಿಗೆ 17. ಆ ವರ್ಷದ ಕೊನೆಗೆ ಅಲ್ಲಿ ಕಮ್ಯುನಿಸ್ಟ್ ಸರ್ಕಾರವೇ ಬಿತ್ತು. 1990ರ ಡ್ರಾಫ್ಟಿನಲ್ಲಿ (ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ನೆದ್ವೆದ್ ಎರಡನೆಯವ, ಯಾಗರ್ ಐದನೆಯವ. ಒಂದೇ ಪಟ್ಟಿಯಲ್ಲಿ ಒಬ್ಬ ಓಡಿಬಂದವನು, ಇನ್ನೊಬ್ಬ ಪಾಸ್‌ಪೋರ್ಟ್ ಹಿಡಿದು ಬಾಗಿಲಿನಿಂದ ಬಂದವನು. ಸುಮಾರು ಒಂದೂವರೆ ವರ್ಷದ ಅಂತರದಲ್ಲಿ ಊರಿಗೆ ವಾಪಸ್ ಹೋಗುವ ದಾರಿ ಒಬ್ಬನಿಗೆ ಮುಚ್ಚಿತ್ತು, ಇನ್ನೊಬ್ಬನಿಗೆ ತೆರೆದಿತ್ತು.

ಬಾಗಿಲು ತೆರೆದಿದ್ದರಿಂದಲೇ ಇವನು ಮತ್ತೆ ಮತ್ತೆ ಹೋಗಿಬಂದ ಅನ್ನಿಸುತ್ತದೆ ನನಗೆ. ನಮಗೂ ಮೊದಲ ವರ್ಷಗಳಲ್ಲಿ ಟಿಕೆಟ್ಟಿಗೆ ದುಡ್ಡಿರಲಿಲ್ಲ, ಆಗ ಇಲ್ಲೇ ಬೇರು ಬಿಡುತ್ತೇವೆ ಅನ್ನುತ್ತಿದ್ದೆವು. ಹೋಗಿಬರುವ ಶಕ್ತಿ ಬಂದ ಮೇಲೆ ವರ್ಷಕ್ಕೊಮ್ಮೆ ಶಿವಮೊಗ್ಗ.


#13 ಹುಬ್ಬಳ್ಳಿ_ಗಿರ್ಮಿಟ್

ಕಡೀ ಆರು ತಂಡದ ಲೆಕ್ಕ ನಂದು, ಯಾರೂ ಕೈ ಹಾಕಬ್ಯಾಡ್ರಿ.

2011: ಮೂರು ವರ್ಷ ಸೈಬೀರಿಯಾ ಮುಗಿಸಿ ತಿರುಗಿ ಅಮೆರಿಕಾ. ಪಿಟ್ಸ್‌ಬರ್ಗಿನ ಮಂದಿ ಆರತಿ ತಾಟು ಹಿಡಕೊಂಡು ನಿಂತಿದ್ರು. ಇಂವಾ ಹೋಗಿದ್ದು ಅವರ ಹಗೆ ಫಿಲಡೆಲ್ಫಿಯಾಕ್ಕ! ಒಂದು ವರ್ಷ. ಆಮ್ಯಾಲ ಡಲ್ಲಾಸ್. ಅಲ್ಲಿಂದ 2013ರ ಏಪ್ರಿಲ್‌ನಾಗ ಬಾಸ್ಟನ್. ಬಾಸ್ಟನ್ ಫೈನಲ್ ಮುಟ್ಟಿತು, ಇಂವಗ 21 ವರ್ಷದ ಮ್ಯಾಲ ಫೈನಲ್. ಪ್ಲೇಆಫ್‌ನ 22 ಪಂದ್ಯದಾಗ 10 ಅಸಿಸ್ಟ್, ಗೋಲು ಮಾತ್ರ ಒಂದೂ ಇಲ್ಲ. ಆರನೇ ಪಂದ್ಯ ಇನ್ನೇನು ಗೆದ್ದಂಗ ಅಂತ ಕುಂತಾಗ ಶಿಕಾಗೊದವರು 17 ಸೆಕೆಂಡಿನಾಗ ಎರಡು ಗೋಲು ಹೊಡದು ಕಪ್ ಒಯ್ದ್ರು. 1992ಕ್ಕ ಇಂವಾ ಅಳಿಸಿದ್ದು ಅದ ಶಿಕಾಗೊದವರನ್ನ. ಬಡ್ಡಿ ಸಮೇತ ತೀರಿಸಿಕೊಂಡ್ರು.

ನ್ಯೂಜೆರ್ಸಿಯೊಳಗ 67 ಪಾಯಿಂಟ್ ಮಾಡಿ ತಂಡಕ್ಕ ಮೊದಲನೇದಾಂವ, ವಯಸ್ಸು 42. ಅದ 42ರಾಗ, 2015ರ ಜನವರಿ 3ಕ್ಕ ಹ್ಯಾಟ್ರಿಕ್. ಲೀಗಿನ ಇತಿಹಾಸದಾಗ ಅಷ್ಟು ವಯಸ್ಸಾದಾಂವ ಯಾರೂ ಹೊಡದಿರಲಿಲ್ಲ. ಆಮ್ಯಾಲ ಫ್ಲಾರಿಡಾ. ಅಲ್ಲಿ ಬಾರ್ಕೊವ್, ಹ್ಯೂಬರ್ಡೋ ಅನ್ನೂ ಹುಡುಗರ ಜೋಡಿ ಒಂದ ಸಾಲಿನ್ಯಾಗ ಆಡಿದಾ. ಬಾರ್ಕೊವ್ ಹುಟ್ಟಿದ ವರ್ಷ ಇಂವಾ ಲೀಗಿನ ಅಗ್ರ ಸ್ಕೋರರ್ ಆಗಿದ್ದಾ! 2015-16ರಾಗ 66 ಪಾಯಿಂಟ್, ಮತ್ತ ತಂಡಕ್ಕ ಮೊದಲು. 2016ರ ಡಿಸೆಂಬರ್ 22ಕ್ಕ ಮಾರ್ಕ್ ಮೆಸ್ಸಿಯೇ ಅನ್ನೂ ಆಟಗಾರನ 1887 ಪಾಯಿಂಟ್ ದಾಟಿ ಲೀಗಿನ ಒಟ್ಟು ಪಾಯಿಂಟಿನ ಪಟ್ಟಿಯೊಳಗ ಎರಡನೇ ಸ್ಥಾನ.

ಕ್ಯಾಲ್ಗರಿ: 22 ಪಂದ್ಯ, 1 ಗೋಲು, 6 ಅಸಿಸ್ಟ್. ಮೊಳಕಾಲು, ತೊಡಿಸಂದಿ ಎಲ್ಲಾ ಮಾತಾಡಾಕ ಹತ್ತಿದ್ವು. 2018ರ ಜನವರಿಗೆ ಅವರೇ ಕ್ಲಾದ್ನೊಕ್ಕ ಕಳಿಸಿಕೊಟ್ರು. ದೀಡ ಪಾನು ಬರೀಬೇಕಂತ ಇದ್ದೆ, ಇಷ್ಟಕ್ಕ ಸಾಕು. ಊಟದ ಹೊತ್ತು.


#14 ಪಿಟ್ಸ್‌ಬರ್ಗ್_ಅಕ್ಕ

ಗಿರ್ಮಿಟ್ ಅವರೇ, ಆರತಿ ತಟ್ಟೆ ಹಿಡಿದವರಲ್ಲಿ ನಾವೂ ಇದ್ದೆವು. 2011ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ಕಿತ್ತಳೆ ಅಂಗಿ ತೊಟ್ಟು ಬಂದಾಗ ಇಡೀ ಅಂಗಳ ಕೂಗಿ ಅಣಕಿಸಿತು. ನನ್ನ ಮಗಳೂ ಕೂಗಿದಳು, ಯಾರಿಗೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ.

2024ರ ಫೆಬ್ರವರಿ 18. ಅವನಿಗೆ 52 ತುಂಬಿ ಮೂರು ದಿನ. ಪೆಂಗ್ವಿನ್ಸ್ 68ನೇ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಮಾಡಿ ಮೇಲೆ ಏರಿಸಿದರು. ತಂಡದ ಹುಡುಗರೆಲ್ಲ ಅಭ್ಯಾಸಕ್ಕೆ 68ರ ಅಂಗಿ ತೊಟ್ಟು ಬಂದರು. ಅವನೂ ಸ್ಕೇಟ್ ಕಟ್ಟಿ ಜೊತೆಗಿಳಿದ. ಲೆಮ್ಯೂ ಅವರ 66ರ ಜೊತೆ ಈಗ 68 ನೇತಾಡುತ್ತಿದೆ. ಅದೇ ಮಗಳು ಬೇರೆ ಊರಿನಿಂದ ಫೋನ್ ಮಾಡಿ, "ಅಮ್ಮಾ ನಾವು ಅವತ್ತು ಯಾಕೆ ಕೂಗಿದ್ವಿ?" ಅಂದಳು. ಏನು ಹೇಳಲಿ.


#15 ಯೆಜ್ಡಿ_ಮೈಸೂರು

ಈಗ ಕ್ಲಾದ್ನೊ. ಯಾರೂ ಪೂರ್ತಿ ಹೇಳಲಿಲ್ಲ, ಇದಕ್ಕೇ ನಾನು ಈ ಎಳೆ ಶುರು ಮಾಡಿದ್ದು.

ಆ ತಂಡ ಇವನದ್ದೇ ಆಗಿತ್ತು. ಮೊದಲು ಅವರಪ್ಪ ನೋಡ್ಕೊಳ್ತಿದ್ರು, 2011ರಲ್ಲಿ ಮಾಲೀಕತ್ವ ಇವನ ಕೈಗೆ ಬಂತು. ಅಂದ್ರೆ ಫಿಲಡೆಲ್ಫಿಯಾ, ಡಲ್ಲಾಸ್, ಬಾಸ್ಟನ್ ಅಂತ ಓಡಾಡ್ತಿದ್ದಾಗೆಲ್ಲ ಊರಲ್ಲಿ ಒಂದು ತಂಡ ಸಾಕ್ತಿದ್ದ. ಅದು ಲಾಭದ ಬಾಬತ್ತಲ್ಲ. 2014ರಲ್ಲಿ ಎರಡನೇ ದರ್ಜೆಗೆ ಬಿತ್ತು. 2019ರಲ್ಲಿ ಮೇಲೆ ಬಂತು, 2020ರಲ್ಲಿ ಮತ್ತೆ ಬಿತ್ತು, 2021ರಲ್ಲಿ ಮತ್ತೆ ಎದ್ದಿತು. 2019ರಲ್ಲಿ ಮೇಲೇರೋ ಹೋರಾಟದ ಒಂದು ಪಂದ್ಯದಲ್ಲಿ ಗಾಯದಿಂದ ವಾಪಸ್ ಬಂದು ನಾಲ್ಕು ಗೋಲು ಹೊಡೆದ, 47ನೇ ವಯಸ್ಸಲ್ಲಿ.

ಯಾಕೆ ನಿಲ್ಲಿಸಲ್ಲ ಅಂತ ಕೇಳಿದವರಿಗೆ ಅವನು ಕೊಡ್ತಿದ್ದ ಉತ್ತರ ಆಟದ ಪ್ರೀತಿ ಗೀತಿ ಅಲ್ಲ. ನಾನು ಆಡೋದು ಬಿಟ್ರೆ ಪ್ರಾಯೋಜಕರು ಬಿಡ್ತಾರೆ, ಪ್ರಾಯೋಜಕರು ಬಿಟ್ರೆ ತಂಡ ಉಳಿಯಲ್ಲ ಅನ್ನೋ ಅರ್ಥದ ಮಾತು. 2022ರ ನವೆಂಬರಲ್ಲಿ ಅಪ್ಪ ತೀರಿಕೊಂಡ್ರು. ಆಮೇಲೂ ಆಡಿದ.

ನಮ್ಮಪ್ಪನ ಕಾರ್ಖಾನೆ ಮುಚ್ಚಿದ ದಿನ ನೆನಪಾಗುತ್ತೆ ನನಗೆ. ಊರಿಗೆ ಊರೇ ಅದರ ಮೇಲೆ ನಿಂತಿರಲಿಲ್ಲ ನಿಜ, ಆದ್ರೆ ನಮ್ಮ ಬೀದಿ ನಿಂತಿತ್ತು. ಒಬ್ಬ ಮನುಷ್ಯ ನಾನಿನ್ನೂ ಗೇಟ್ ಹಾಕಲ್ಲ ಅಂತ ಮೂವತ್ತು ವರ್ಷ ನಿಂತಿದ್ರೆ ಹೇಗಿರ್ತಿತ್ತು ಅಂತ.


#16 ಬರೀ_ಕ್ರಿಕೆಟ್

ಒಂದು ನಿಮಿಷ. ಮಾಲೀಕನೂ ಅವನೇ, ಆಟಗಾರನೂ ಅವನೇ? ಅಂದ್ರೆ ಗಲ್ಲಿ ಕ್ರಿಕೆಟ್ಟಲ್ಲಿ ಬ್ಯಾಟ್ ತಂದವನ ಕೇಸು. "ಬ್ಯಾಟ್ ನಂದು, ಓಪನಿಂಗ್ ನಾನೇ." 53 ವರ್ಷದವನನ್ನ ಕೂರಿಸೋ ಧೈರ್ಯ ಯಾವ ಕೋಚಿಗಿರುತ್ತೆ? ಅವನ ಜಾಗದಲ್ಲಿ ಒಬ್ಬ ಹುಡುಗ ಆಡಬಹುದಿತ್ತಲ್ವಾ?

(ದನ ಅಂದಿದ್ದು ವಾಪಸ್ ತಗೊಂಡೆ. ಓಮ್ಸ್ಕ್ ಹುಡುಗನ ವಿಷಯ ಓದಿ ಬೇಜಾರಾಯ್ತು.)


#17 ಕುಡ್ಲದವ

@ಬರೀ_ಕ್ರಿಕೆಟ್ ಆ ಪ್ರಶ್ನೆ ಇಲ್ಲಿಯವರೂ ಕೇಳುತ್ತಾರೆ, ಸುಳ್ಳಲ್ಲ. ನಾನು ಕ್ಲಾದ್ನೊಕ್ಕೆ ಹೋಗಿ ಒಂದು ಪಂದ್ಯ ನೋಡಿದ್ದೇನೆ, ಕಂಡದ್ದು ಹೇಳುತ್ತೇನೆ.

ಹಳೆಯ ರಿಂಕು. ಒಳಗೆ ಹೋದರೆ ಬಿಯರ್ ಮತ್ತು ಸುಟ್ಟ ಸಾಸೇಜಿನ ವಾಸನೆ. ಅವನು ನಿಧಾನ, ಬಹಳ ನಿಧಾನ. ಹುಡುಗರು ಎರಡು ಸುತ್ತು ಹಾಕುವಷ್ಟರಲ್ಲಿ ಇವನದು ಒಂದು. ಆದರೆ ಪಕ್ ಸಿಕ್ಕಿತು ಅಂದರೆ ಗೋಡೆಯ ಬದಿಗೆ ಹೋಗಿ, ಬೆನ್ನು ಮತ್ತು ಸೊಂಟ ಹಿಂದಕ್ಕೆ ಒಡ್ಡಿ ನಿಲ್ಲುತ್ತಾನೆ. ಮೂವತ್ತು ವರ್ಷ ಚಿಕ್ಕವನೊಬ್ಬ ಹಿಂದಿನಿಂದ ದೂಡುತ್ತಾನೆ, ಎಡಕ್ಕೆ ಬರುತ್ತಾನೆ, ಬಲಕ್ಕೆ ಬರುತ್ತಾನೆ. ಪಕ್ ಕಾಣುವುದೇ ಇಲ್ಲ. ಬಾವಿಕಟ್ಟೆಗೆ ಕೊಡಪಾನ ಒರಗಿಸಿಕೊಂಡು ನಿಂತ ಹಾಗೆ. ಇದು ಎನ್‌ಎಚ್‌ಎಲ್‌ನಲ್ಲಿ ಮಾಡುತ್ತಿದ್ದದ್ದೇ ವಿದ್ಯೆ. ವೇಗ ಹೋದರೂ ಅದು ಹೋಗಲಿಲ್ಲ. ಸಣ್ಣದಿರುವಾಗ ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದನಂತೆ, ದೊಡ್ಡವನಾದ ಮೇಲೂ ರಾತ್ರಿ ಹೊತ್ತು ಭಾರದ ಜಾಕೆಟ್ ಹಾಕಿಕೊಂಡು ಒಬ್ಬನೇ ಸ್ಕೇಟ್ ಮಾಡುತ್ತಿದ್ದ. ಆ ತೊಡೆಗಳನ್ನು ನೋಡಿದರೆ ನಂಬಬಹುದು.

ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ, ಪಕ್ಕದಲ್ಲಿ ಮೊಮ್ಮಗ. ಇಬ್ಬರದೂ 68. ಪಂದ್ಯ ಸೋತರು. ಯಾರೂ ಬೇಗ ಎದ್ದು ಹೋಗಲಿಲ್ಲ.

ಹುಡುಗನ ಜಾಗ ತಿಂದನಾ ಅಂದರೆ, ಹೌದು, ತಿಂದಿದ್ದಾನೆ. ಆ ಜಾಗ ಇರುವುದೇ ಅವನಿಂದ ಅನ್ನುವುದೂ ಹೌದು.


#18 ಹುಬ್ಬಳ್ಳಿ_ಗಿರ್ಮಿಟ್

ಊಟಾ ಮುಗಿಸಿ ಬಂದೆ. ಕ್ಯಾಲ್ಗರಿದಾಗ ಒಂದು ಗೆಳ್ಯಾರ ಗುಂಪು ಅದ ನೋಡ್ರಿ, "ಟ್ರಾವೆಲಿಂಗ್ ಯಾಗರ್ಸ್" ಅಂತ ಹೆಸರು. ಒಬ್ಬೊಬ್ಬಾಂವ ಯಾಗರ್ ಆಡಿದ ಒಂದೊಂದು ತಂಡದ ಅಂಗಿ ತೊಟ್ಟು, ಹಿಂದ ಇಳಿಬಿಟ್ಟ ಕೂದಲಿನ ಟೋಪನ್ ಹಾಕ್ಕೊಂಡು ಸಾಲಾಗಿ ಪಂದ್ಯಕ್ಕ ಹೋಗಿ ಕುಂದರ್ತಾರ. ಇಂವಾ ತಂಡ ಬದಲಿ ಮಾಡಿದಂಗೆಲ್ಲಾ ಅವರು ಹೊಸ ಗೆಳ್ಯಾನ್ನ ಹುಡುಕಬೇಕು! ಕಡೀಗೆ ಇಂವಾ ಅವರ ಊರಿಗೇ ಆಡಾಕ ಬಂದ್ನಲ್ಲಾ, ಅವರಿಗೆ ಹ್ಯಾಂಗಾಗಿರಬೇಡ.


#19 ಪಿಟ್ಸ್‌ಬರ್ಗ್_ಅಕ್ಕ

ನಮ್ಮ ಐದು ಜನ ಸೇರಿದರೆ ಅರ್ಧ ಸಾಲು ಆಗುತ್ತದೆ. ಪಿಟ್ಸ್‌ಬರ್ಗ್ ನನಗೆ, ಕ್ಲಾದ್ನೊ ಕುಡ್ಲದವರಿಗೆ.


#20 ಬರೀ_ಕ್ರಿಕೆಟ್

ನನಗೆ ನ್ಯೂಯಾರ್ಕ್. ಪೆಟ್ರೋಲ್ ಹಾಕಿಸಿ ಕೊಟ್ಟ ಸ್ಕೂಟರ್.


#21 ಹುಬ್ಬಳ್ಳಿ_ಗಿರ್ಮಿಟ್

ನನಗ ಶಾಲ್ಕೆ. ಒಂದು ಪಂದ್ಯ, ಹನ್ನೊಂದು ಪಾಯಿಂಟ್. ಯೆಜ್ಡಿ ಅಣ್ಣಾರ, ಈಗರೆ ಒಪ್ಕೋರಿ, ಹದಿಮೂರು.


#22 ಯೆಜ್ಡಿ_ಮೈಸೂರು

ಹನ್ನೆರಡೂವರೆ. ಬೊಲ್ಜಾನೊ ಪೂರ್ತಿ ಕೊಟ್ಟೆ, ಶಾಲ್ಕೆಗೆ ಅರ್ಧ. ಅದಕ್ಕಿಂತ ಜಾಸ್ತಿ ಕೇಳಬೇಡಿ.